ಗಣಿತದ ಪೀರಿಯಡ್‌ನಲ್ಲೊಂದು ಕಾದಂಬರಿ

ಬೆಳಗಿನ ಹೊತ್ತು. ಹದಿನಾಲ್ಕು ವರ್ಷದ ಹುಡುಗಿಗೆ ಎಚ್ಚರವಾಗುತ್ತದೆ. ಮೊದಲು ಕಿವಿಗೆ ಬೀಳುವುದು ಸೊಳ್ಳೆಯ ಗುಂಯ್ ಸದ್ದು. ಆಮೇಲೆ ಅಮ್ಮನ ಕೂಗು. ಲಾರಿ ಹಾಲ್ಸ್ ಆಂಡರ್ಸನ್ ಅವರ ‘ಫೀವರ್ 1793’ ಕಾದಂಬರಿ ಶುರುವಾಗುವುದು ಹೀಗೆ. ಜಾಗ ಫಿಲಡೆಲ್ಫಿಯಾ, ಆಗ ಅಮೆರಿಕದ ರಾಜಧಾನಿ. ತಿಂಗಳು ಆಗಸ್ಟ್. ಊರಿಗೆ ಹಳದಿ ಜ್ವರ ಆಗಲೇ ಕಾಲಿಟ್ಟಿದೆ. ಹುಡುಗಿಗೆ ಅದಿನ್ನೂ ಗೊತ್ತಿಲ್ಲ.

ಸೊಳ್ಳೆಯ ವಿಷಯವಂತೂ ಊರಲ್ಲಿ ಯಾರಿಗೂ ಗೊತ್ತಿಲ್ಲ. ಕೊಳೆತ ಕಾಫಿಯ ವಾಸನೆಯಿಂದ ಜ್ವರ ಬಂತು ಎಂದು ದೊಡ್ಡ ವೈದ್ಯರೇ ಹೇಳುತ್ತಿದ್ದ ಕಾಲ ಅದು. ಜನ ಮೂಗಿಗೆ ವಿನೆಗರ್ ಬಟ್ಟೆ ಹಿಡಿದುಕೊಂಡು ಓಡಾಡುತ್ತಾರೆ. ಮಳೆನೀರಿನ ಪೀಪಾಯಿ ಮಾತ್ರ ಬಾಯಿ ತೆರೆದುಕೊಂಡೇ ಇರುತ್ತದೆ. ಆ ಕಾಲದವರಿಗೆ ಗೊತ್ತಿಲ್ಲದ ಗುಟ್ಟು ಓದುತ್ತಿರುವ ಒಂಬತ್ತನೇ ಕ್ಲಾಸಿನ ಮಗುವಿಗೆ ಗೊತ್ತಿರುತ್ತದೆ. ಯಾಕೆಂದರೆ ಜೀವಶಾಸ್ತ್ರದ ಪಠ್ಯದಲ್ಲಿ ಅದು ಒಂದೇ ಸಾಲಿನಲ್ಲಿದೆ: ಹಳದಿ ಜ್ವರವನ್ನು ಹರಡುವುದು ಈಡಿಸ್ ಈಜಿಪ್ಟೈ ಸೊಳ್ಳೆ. ಆ ಒಂದು ಸಾಲನ್ನು ಬಾಯಿಪಾಠ ಮಾಡಿದ ಮಗು ಪರೀಕ್ಷೆ ಮುಗಿದ ಮೇಲೆ ಮರೆತುಬಿಡಬಹುದು. ಆದರೆ ಕಾದಂಬರಿಯ ಅರ್ಧಕ್ಕೆ ಬಂದ ಮಗು ‘ಅಯ್ಯೋ, ಆ ಪೀಪಾಯಿ ಮುಚ್ಚಿ’ ಎಂದು ಒಳಗೊಳಗೇ ಚಡಪಡಿಸುತ್ತಿರುತ್ತದೆ. ಒಂದೇ ಮಾಹಿತಿ. ಒಂದು ಕಡೆ ಅದು ಸುಮ್ನೆ ಒಂದು ಸಾಲು, ಇನ್ನೊಂದು ಕಡೆ ಪ್ರಾಣ ಉಳಿಸಬಹುದಾಗಿದ್ದ ತಿಳಿವಳಿಕೆ.

ಹದಿಹರೆಯದವರ ಪುಸ್ತಕಗಳನ್ನು ವಿಜ್ಞಾನ, ಗಣಿತ, ಇತಿಹಾಸದ ತರಗತಿಗೂ ತರಬೇಕು ಅನ್ನುವ ಮಾತಿನ ತಿರುಳು ಇಲ್ಲಿದೆ. ಪಠ್ಯಪುಸ್ತಕ ಉತ್ತರದಿಂದ ಶುರು ಮಾಡುತ್ತದೆ. ಕಥೆ ಪ್ರಶ್ನೆಯಿಂದ ಶುರು ಮಾಡುತ್ತದೆ. ಪ್ರಶ್ನೆ ಮೊದಲು ಹುಟ್ಟಿದರೆ ಉತ್ತರಕ್ಕೆ ಕೂರಲು ಜಾಗ ಸಿಗುತ್ತದೆ.

ಯಾವುದು ಹದಿಹರೆಯದವರ ಪುಸ್ತಕ?

ಪ್ರಕಾಶಕರು ಇದನ್ನು ‘ಯಂಗ್ ಅಡಲ್ಟ್’ ಎನ್ನುತ್ತಾರೆ. ಸುಮಾರು 12ರಿಂದ 18 ವರ್ಷದ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪುಸ್ತಕಗಳು. ಮುಖ್ಯ ಪಾತ್ರವೂ ಸಾಮಾನ್ಯವಾಗಿ ಅದೇ ವಯಸ್ಸಿನದು. ದೊಡ್ಡವರಾದ ಮೇಲೆ ಹಿಂದಿರುಗಿ ನೋಡಿ ‘ಆಗ ನಾನು ಚಿಕ್ಕವನಿದ್ದೆ’ ಎಂದು ಹೇಳುವ ಧಾಟಿ ಇಲ್ಲಿ ಕಡಿಮೆ. ಈಗ, ಇಲ್ಲೇ, ನನಗೇ ಆಗುತ್ತಿದೆ ಅನ್ನುವ ಧ್ವನಿ ಜಾಸ್ತಿ. 1967ರಲ್ಲಿ ಬಂದ ‘ದಿ ಔಟ್‌ಸೈಡರ್ಸ್’ ಕಾದಂಬರಿಯನ್ನು ಈ ಬಗೆಯ ಬರವಣಿಗೆಗೆ ದಾರಿ ಮಾಡಿಕೊಟ್ಟ ಪುಸ್ತಕ ಎನ್ನುತ್ತಾರೆ. ಅದನ್ನು ಬರೆಯುವಾಗ ಎಸ್. ಇ. ಹಿಂಟನ್ ಸ್ವತಃ ಹೈಸ್ಕೂಲ್ ಹುಡುಗಿ. ಕಾದಂಬರಿ ಮಾತ್ರವಲ್ಲ, ಆತ್ಮಕಥೆ, ಚಿತ್ರಕಾದಂಬರಿ, ಕವಿತೆಯಲ್ಲಿ ಹೇಳಿದ ಕಥೆ ಎಲ್ಲವೂ ಈ ಕಪಾಟಿನಲ್ಲಿವೆ.

ಈ ಪುಸ್ತಕಗಳು ಭಾಷಾ ಪೀರಿಯಡ್‌ಗೆ ಸೇರಿದವು ಅನ್ನುವುದು ರೂಢಿ. ಆದರೆ ಇವುಗಳ ಒಳಗೆ ನಡೆಯುವುದು ಬರೀ ಭಾಷೆಯಲ್ಲ. ಜ್ವರ, ಯುದ್ಧ, ಬರ, ಮತದಾನ, ವಿದ್ಯುತ್ತು, ಸಂಭವನೀಯತೆ, ಹಣ, ದೇಹ ಎಲ್ಲವೂ ಅಲ್ಲಿವೆ. ಭಾಷಾ ಟೀಚರ್ ಒಬ್ಬರೇ ಅಷ್ಟನ್ನೂ ಹೊತ್ತುಕೊಳ್ಳುವುದು ಆಗದ ಮಾತು.

ಒಂದೇ ಪುಸ್ತಕ, ಮೂರು ಕ್ಲಾಸು

‘ಫೀವರ್ 1793’ರ ಜೊತೆ ಇನ್ನೂ ಸ್ವಲ್ಪ ಹೊತ್ತು ಇರೋಣ. ಒಂದೇ ಪುಸ್ತಕವನ್ನು ಬೇರೆ ಬೇರೆ ವಿಷಯದವರು ಹೇಗೆ ಬೇರೆ ಬೇರೆಯಾಗಿ ಓದುತ್ತಾರೆ ಅನ್ನುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ಜೀವಶಾಸ್ತ್ರದ ಟೀಚರ್ ಕೇಳುವ ಪ್ರಶ್ನೆ: ನಿಮಗೆ ಹೇಗೆ ಗೊತ್ತು? ಪುಸ್ತಕದಲ್ಲಿ ಸುಳಿವುಗಳು ಚೆಲ್ಲಾಡಿವೆ. ಬೇಸಿಗೆಯಲ್ಲಿ ಶುರುವಾದ ಜ್ವರ ಹಿಮ ಬೀಳುವ ಹೊತ್ತಿಗೆ ನಿಲ್ಲುತ್ತದೆ. ಮಕ್ಕಳ ಕೈಗೆ ಈ ಸುಳಿವುಗಳನ್ನು ಕೊಟ್ಟು, ‘ಸೊಳ್ಳೆ’ ಅನ್ನುವ ಪದ ಬಳಸದೆ, ಇದು ಹೇಗೆ ಹರಡುತ್ತಿರಬಹುದು ಎಂದು ಕೇಳಿ. ಗಾಳಿಯಿಂದ ಹರಡುವುದಾದರೆ ಚಳಿಗೆ ಯಾಕೆ ನಿಲ್ಲಬೇಕು? ಮುಟ್ಟಿದರೆ ಬರುವುದಾದರೆ ಹಗಲೂ ರಾತ್ರಿ ಶುಶ್ರೂಷೆ ಮಾಡಿದವರಲ್ಲಿ ಎಷ್ಟೋ ಜನರಿಗೆ ಯಾಕೆ ಬರಲಿಲ್ಲ? ಆಮೇಲೆ ನಿಜವಾದ ಕಥೆ ಹೇಳಿ. ಸೊಳ್ಳೆಯೇ ಕಾರಣ ಎಂದು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲಿ ಹೇಳಿದರು. ಅವರ ಮಾತಿಗೆ ಬಹಳ ವರ್ಷ ಯಾರೂ ಹೆಚ್ಚು ಕಿವಿಗೊಡಲಿಲ್ಲ. 1900ರಲ್ಲಿ ವಾಲ್ಟರ್ ರೀಡ್ ಅವರ ತಂಡ ಪ್ರಯೋಗ ಮಾಡಿ ಅದನ್ನು ತೋರಿಸಿಕೊಟ್ಟಿತು. ಮ್ಯಾಕ್ಸ್ ಥೈಲರ್ ಅವರ ಲಸಿಕೆ ಬಂದಿದ್ದು 1930ರ ದಶಕದಲ್ಲಿ. ಫಿಲಡೆಲ್ಫಿಯಾದ ಆ ಬೆಳಗಿನಿಂದ ರೀಡ್ ಅವರ ಪ್ರಯೋಗಕ್ಕೆ 107 ವರ್ಷ. ವಿಜ್ಞಾನ ಎಷ್ಟು ನಿಧಾನವಾಗಿ, ಎಷ್ಟು ಕಷ್ಟಪಟ್ಟು ಒಂದು ಸಾಲನ್ನು ಸಂಪಾದಿಸುತ್ತದೆ ಅನ್ನುವುದು ಮಕ್ಕಳಿಗೆ ಆಗ ಅರ್ಥವಾಗುತ್ತದೆ.

ಇತಿಹಾಸದ ಟೀಚರ್ ಕೇಳುವ ಪ್ರಶ್ನೆ ಬೇರೆ: ಇದನ್ನು ಹೇಳಿದವರು ಯಾರು, ಯಾಕೆ ಹೇಳಿದರು? ಈ ಕಾದಂಬರಿಯ ಪ್ರತಿ ಅಧ್ಯಾಯದ ತಲೆಯಲ್ಲಿ ಹಳೆಯ ಬರಹಗಳಿಂದ ತೆಗೆದ ಒಂದೆರಡು ಸಾಲುಗಳಿವೆ. ಅವು ಮೂಲ ದಾಖಲೆಗಳು. ಕೆಳಗೆ ನಡೆಯುವುದು ಲೇಖಕಿ ಕಟ್ಟಿದ ಕಥೆ. ಒಂದೇ ಪುಟದಲ್ಲಿ ಎರಡೂ ಇರುವಾಗ ದಾಖಲೆ ಯಾವುದು, ಕಲ್ಪನೆ ಯಾವುದು ಎಂದು ಬೇರ್ಪಡಿಸುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಇನ್ನೂ ಆಳಕ್ಕೂ ಇಳಿಯಬಹುದು. ಕಪ್ಪು ಜನರಿಗೆ ಈ ಜ್ವರ ಬರುವುದಿಲ್ಲ ಎಂದು ಬೆಂಜಮಿನ್ ರಶ್ ಅನ್ನುವ ಹೆಸರಾಂತ ವೈದ್ಯ ನಂಬಿದ್ದರು. ಆ ನಂಬಿಕೆಯ ಮೇಲೆಯೇ ಊರಿನ ಕಪ್ಪು ಜನರ ಸಂಘವಾದ ಫ್ರೀ ಆಫ್ರಿಕನ್ ಸೊಸೈಟಿಯವರನ್ನು ಸೇವೆಗೆ ಕರೆದರು. ಅವರು ಬಂದರು, ರೋಗಿಗಳನ್ನು ನೋಡಿಕೊಂಡರು, ಹೆಣಗಳನ್ನು ಹೂಳಿದರು, ತಾವೂ ಸತ್ತರು. ಆಮೇಲೆ ಮ್ಯಾಥ್ಯೂ ಕ್ಯಾರಿ ಅನ್ನುವ ಪ್ರಕಾಶಕ ಅವರಲ್ಲಿ ಕೆಲವರ ಮೇಲೆ ಸುಲಿಗೆ, ಕಳ್ಳತನದ ಆರೋಪ ಹೊರಿಸಿ ಪುಸ್ತಕ ಅಚ್ಚು ಹಾಕಿದರು. ಆ ಸೊಸೈಟಿಯ ನಾಯಕರಾದ ಅಬ್ಸಲೋಮ್ ಜೋನ್ಸ್, ರಿಚರ್ಡ್ ಅಲೆನ್ ಇಬ್ಬರೂ ಸೇರಿ 1794ರಲ್ಲಿ ಒಂದು ಕಿರುಪುಸ್ತಕ ಬರೆದು ಅದಕ್ಕೆ ಉತ್ತರ ಕೊಟ್ಟರು. ಕಾದಂಬರಿಯಲ್ಲಿ ಎಲೈಜಾ ಅನ್ನುವ ಕಪ್ಪು ಹೆಂಗಸಿನ ಪಾತ್ರದ ಜೊತೆ ಮನೆಮನೆ ಸುತ್ತಿ ಬಂದ ಮಗುವಿಗೆ ಈ ಜಗಳ ಹಳೆಯ ಕಾಗದದ ಜಗಳವಾಗಿ ಕಾಣುವುದಿಲ್ಲ. ಎಲೈಜಾಳಿಗೆ ಅನ್ಯಾಯವಾಯಿತು ಅನ್ನಿಸುತ್ತದೆ. ಆ ಕೋಪದ ಜೊತೆಗೇ ದಾಖಲೆ ಹುಡುಕಲು ಕಳಿಸಿ ನೋಡಿ.

ಗಣಿತದ ಟೀಚರ್‌ಗೆ ಎರಡೇ ಅಂಕಿ ಸಾಕು. ಊರಿನ ಜನಸಂಖ್ಯೆ ಸುಮಾರು 50,000. ಸತ್ತವರು ಸುಮಾರು 5,000. ಹತ್ತರಲ್ಲಿ ಒಬ್ಬರು, ಅಲ್ವಾ? ತಾಳಿ. ಸುಮಾರು 20,000 ಜನ ಊರು ಬಿಟ್ಟು ಓಡಿಹೋಗಿದ್ದರು. ಉಳಿದವರು 30,000. ಹಾಗಾದರೆ ಆರರಲ್ಲಿ ಒಬ್ಬರು. ಅಂಶ ಬದಲಾಗಲಿಲ್ಲ, ಛೇದ ಬದಲಾಯಿತು. ಊರು ಬಿಡಲು ಗಾಡಿ, ದುಡ್ಡು, ಹೋಗಲು ಇನ್ನೊಂದು ಮನೆ ಯಾರಿಗಿತ್ತು ಎಂದು ಯಾರಾದರೂ ಒಬ್ಬ ಹುಡುಗ ಕೇಳುತ್ತಾನೆ. ಗಣಿತದ ಪೀರಿಯಡ್‌ನಲ್ಲಿ ಸಮಾಜದ ಪಾಠ ತಾನಾಗಿಯೇ ಬಂದು ಕೂರುತ್ತದೆ.

ಮೂವರೂ ಓದಿದ್ದು ಅದೇ ಪುಟಗಳನ್ನು. ಓದಿದ ರೀತಿ ಮಾತ್ರ ಬೇರೆ. ಪ್ರತಿ ವಿಷಯಕ್ಕೂ ತನ್ನದೇ ಆದ ಓದುವ ಕ್ರಮವಿದೆ. ವಿಜ್ಞಾನಿ ಪುರಾವೆ ಹುಡುಕುತ್ತಾನೆ, ಇತಿಹಾಸಕಾರ ಹೇಳುವವನನ್ನು ನೋಡುತ್ತಾನೆ, ಗಣಿತದವನು ‘ಯಾವಾಗಲೂ ಹೀಗೆಯಾ?’ ಎಂದು ಕೇಳುತ್ತಾನೆ. ಹೈಸ್ಕೂಲ್ ಮಕ್ಕಳಿಗೆ ನಾವು ಈ ಕ್ರಮವನ್ನು ಬಾಯಿಬಿಟ್ಟು ಹೇಳಿಕೊಡುವುದೇ ಇಲ್ಲ. ಒಂದೇ ಪುಸ್ತಕ ಮೂರು ಕ್ಲಾಸಿಗೆ ಹೋದಾಗ ಅದು ಅವರ ಕಣ್ಣಿಗೇ ಬೀಳುತ್ತದೆ.

ಕಥೆಯನ್ನು ಕೆಡಿಸದಿರುವುದು

ಈ ಕೆಲಸದಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ. ನಾನೂ ಮಾಡಿದ್ದೇನೆ. ಮೊದಲ ಸಲ ಕ್ಲಾಸಿಗೆ ಕಾದಂಬರಿ ತಂದಾಗ ಪ್ರತಿ ಪುಟಕ್ಕೂ ನಿಲ್ಲಿಸಿ ವಿವರಿಸಿದೆ. ಇಲ್ಲಿ ನೋಡಿ, ಇದು ವೈರಸ್. ಇಲ್ಲಿ ನೋಡಿ, ಇದು ವಾಹಕ. ಕೈಯಲ್ಲಿ ಬಿಟ್ಟಸ್ಥಳ ತುಂಬುವ ಹಾಳೆ ಬೇರೆ. ಮೂರನೇ ದಿನ ಹಿಂದಿನ ಬೆಂಚಿನ ಹುಡುಗಿ ಮೆಲ್ಲಗೆ, ‘ಮಿಸ್, ಸ್ವಲ್ಪ ಹೊತ್ತು ಸುಮ್ನೆ ಓದಿ ಮಿಸ್, ಮುಂದೇನಾಯ್ತು ಅಂತ ಗೊತ್ತಾಗ್ಲಿ’ ಎಂದಳು. ಅವಳು ಹೇಳಿದ್ದು ಸರಿ. ಕಥೆ ಕೇಳಲು ಕೂತವರನ್ನು ನಾನು ಕಥೆಯಿಂದಲೇ ಎಬ್ಬಿಸುತ್ತಿದ್ದೆ.

ಇದನ್ನು ಚೆನ್ನಾಗಿ ಬಿಡಿಸಿ ಹೇಳಿದವರು ಅಮೆರಿಕದ ವಿದ್ವಾಂಸೆ ಲೂಯಿಸ್ ರೋಸೆನ್‌ಬ್ಲಾಟ್. ಓದುವಿಕೆಯಲ್ಲಿ ಎರಡು ನಿಲುವುಗಳಿವೆ ಎಂದು ಅವರು 1978ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಒಂದು, ಓದಿ ಮುಗಿಸಿದ ಮೇಲೆ ಏನನ್ನು ಹೊತ್ತುಕೊಂಡು ಹೋಗಬೇಕು ಅನ್ನುವುದರ ಮೇಲೆ ಕಣ್ಣಿಟ್ಟ ಓದು. ಔಷಧಿ ಬಾಟಲಿಯ ಮೇಲಿನ ಸೂಚನೆಯನ್ನು ನಾವು ಹಾಗೆ ಓದುತ್ತೇವೆ. ಇನ್ನೊಂದು, ಓದುತ್ತಿರುವಾಗಲೇ ಒಳಗೆ ಏನಾಗುತ್ತಿದೆ ಅನ್ನುವುದರಲ್ಲಿ ಮುಳುಗಿದ ಓದು. ಕಥೆ, ಕವಿತೆಯನ್ನು ಹಾಗೆ ಓದುತ್ತೇವೆ. ಪಠ್ಯಪುಸ್ತಕ ಮಕ್ಕಳಿಗೆ ಕಲಿಸುವುದು ಮೊದಲನೆಯ ಓದನ್ನು. ಕಾದಂಬರಿಯನ್ನೂ ಅದೇ ಓದಿಗೆ ಎಳೆದು ತಂದರೆ ಅದು ದಪ್ಪನೆಯ, ಗೊಂದಲದ, ಸುತ್ತಿ ಬಳಸಿ ಹೇಳುವ ಪಠ್ಯಪುಸ್ತಕವಾಗುತ್ತದೆ. ಮಾಹಿತಿಗಾಗಿ ಮಾತ್ರ ಓದುವುದಾದರೆ ಪಠ್ಯಪುಸ್ತಕವೇ ವಾಸಿ. ಅದರಲ್ಲಿ ದಪ್ಪಕ್ಷರದಲ್ಲೇ ಕೊಟ್ಟಿರುತ್ತಾರೆ.

ಹಾಗಾಗಿ ಕ್ರಮ ಮುಖ್ಯ. ಮೊದಲು ಕಥೆಯಾಗಿ ಓದಬೇಕು. ನಿಲ್ಲಿಸಬಾರದು, ಗೆರೆ ಎಳೆಸಬಾರದು. ಆಮೇಲೆ ವಿಷಯದ ಕಣ್ಣಿನಿಂದ ಅದೇ ಪುಟಕ್ಕೆ ಮತ್ತೆ ಬರಬೇಕು. ಎರಡನೇ ಸಲ ಬಂದಾಗ ಮಕ್ಕಳು ಬೇಸರ ಪಡುವುದಿಲ್ಲ. ಪರಿಚಯದ ಊರಿಗೆ ಹೋದ ಹಾಗೆ, ‘ಹೌದು, ಇಲ್ಲೇ ಅಲ್ವಾ ಅವಳು ಪೀಪಾಯಿ ಹತ್ತಿರ ನಿಂತಿದ್ದು’ ಎನ್ನುತ್ತಾರೆ.

ಲೆಕ್ಕದ ಟೀಚರ್‌ಗೆ ಸಿಕ್ಕಿದ ಹುಡುಗ

ಗಣಿತಕ್ಕೆ ಕಥೆ ಹೊಂದುವುದಿಲ್ಲ ಅನ್ನುವವರಿಗೆ ನಾನು ತೋರಿಸುವುದು ಮಾರ್ಕ್ ಹ್ಯಾಡನ್ 2003ರಲ್ಲಿ ಪ್ರಕಟಿಸಿದ ‘ದಿ ಕ್ಯೂರಿಯಸ್ ಇನ್ಸಿಡೆಂಟ್ ಆಫ್ ದಿ ಡಾಗ್ ಇನ್ ದಿ ನೈಟ್‌ಟೈಮ್’. ಕಥೆ ಹೇಳುವವನು ಕ್ರಿಸ್ಟೋಫರ್, ವಯಸ್ಸು 15. ಪುಸ್ತಕದ ಮೊದಲ ಅಧ್ಯಾಯದ ಸಂಖ್ಯೆ 2. ಮುಂದಿನದು 3, ಆಮೇಲೆ 5, 7, 11. ಅವಿಭಾಜ್ಯ ಸಂಖ್ಯೆಗಳೆಂದರೆ ಅವನಿಗೆ ಇಷ್ಟ, ಅದಕ್ಕೆ. ಕೊನೆಯ ಅಧ್ಯಾಯದ ಸಂಖ್ಯೆ 233. ಪುಸ್ತಕ ಕೈಗೆ ಕೊಟ್ಟು ‘ಒಟ್ಟು ಎಷ್ಟು ಅಧ್ಯಾಯ?’ ಎಂದು ಕೇಳಿದರೆ ಸಾಕು, ಮಕ್ಕಳು 233ರವರೆಗಿನ ಅವಿಭಾಜ್ಯ ಸಂಖ್ಯೆಗಳನ್ನು ಎಣಿಸಲು ಕೂರುತ್ತಾರೆ. ಉತ್ತರ 51.

ಪುಸ್ತಕದ ನಡುವೆ ಮಾಂಟಿ ಹಾಲ್ ಸಮಸ್ಯೆ ಬರುತ್ತದೆ. ಮೂರು ಬಾಗಿಲು, ಒಂದರ ಹಿಂದೆ ಕಾರು, ಉಳಿದ ಎರಡರ ಹಿಂದೆ ಮೇಕೆ. ನೀವು ಒಂದು ಬಾಗಿಲು ಆರಿಸುತ್ತೀರಿ. ಎಲ್ಲಿ ಏನಿದೆ ಎಂದು ಗೊತ್ತಿರುವ ನಿರೂಪಕ, ಉಳಿದ ಎರಡರಲ್ಲಿ ಮೇಕೆ ಇರುವ ಒಂದನ್ನು ತೆರೆದು ತೋರಿಸುತ್ತಾನೆ. ಈಗ ಬಾಗಿಲು ಬದಲಿಸುತ್ತೀರಾ? ಎರಡೇ ಬಾಗಿಲು ಉಳಿದಿವೆ, ಬದಲಿಸಿದರೂ ಒಂದೇ, ಬಿಟ್ಟರೂ ಒಂದೇ ಎಂದು ನಮಗೆಲ್ಲ ಅನ್ನಿಸುತ್ತದೆ. 1990ರಲ್ಲಿ ಅಮೆರಿಕದ ಅಂಕಣಕಾರ್ತಿ ಮೆರಿಲಿನ್ ವೊಸ್ ಸಾವಂತ್ ತಮ್ಮ ಅಂಕಣದಲ್ಲಿ ‘ಬದಲಿಸಿ’ ಎಂದು ಬರೆದಾಗ ಸುಮಾರು 10,000 ಪತ್ರಗಳು ಬಂದವು. ಹೆಚ್ಚಿನವು ಅವರದ್ದು ತಪ್ಪು ಎಂದವು. ಬರೆದವರಲ್ಲಿ ಗಣಿತದ ಪ್ರೊಫೆಸರ್‌ಗಳೂ ಇದ್ದರು. ಆದರೆ ವೊಸ್ ಸಾವಂತ್ ಹೇಳಿದ್ದೇ ಸರಿಯಾಗಿತ್ತು.

ಕ್ಲಾಸಿನಲ್ಲಿ ಇದಕ್ಕೆ ಬೇಕಾದದ್ದು ಮೂರು ಲೋಟ, ಒಂದು ರಬ್ಬರ್. ನಲವತ್ತು ಮಕ್ಕಳಿದ್ದರೆ ಇಪ್ಪತ್ತು ಜೋಡಿ. ಪ್ರತಿ ಜೋಡಿ ಮೂವತ್ತು ಸಲ ಆಡಲಿ, ಪ್ರತಿ ಸಲವೂ ಲೋಟ ಬದಲಿಸಲಿ. ಒಟ್ಟು 600 ಆಟ. ಗೆದ್ದದ್ದೆಷ್ಟು ಎಂದು ಬೋರ್ಡಿನ ಮೇಲೆ ಕೂಡಿಸುತ್ತಾ ಹೋದರೆ ಮೊತ್ತ 300ರ ಹತ್ತಿರ ನಿಲ್ಲದೆ 400ರ ಕಡೆಗೆ ಸಾಗುತ್ತದೆ. ಆಗ ಯಾಕೆ ಎಂದು ವಿವರಿಸಿದರೆ ಕೇಳಲು ಕಿವಿಗಳಿರುತ್ತವೆ. ಮೊದಲು ಆರಿಸಿದ ಲೋಟ ಸರಿಯಾಗಿರುವ ಸಾಧ್ಯತೆ ಮೂರರಲ್ಲಿ ಒಂದು. ತಪ್ಪಾಗಿರುವ ಸಾಧ್ಯತೆ ಮೂರರಲ್ಲಿ ಎರಡು. ಮೊದಲ ಆಯ್ಕೆ ತಪ್ಪಾಗಿದ್ದಾಗಲೆಲ್ಲ ಬದಲಿಸಿದವರು ಗೆಲ್ಲುತ್ತಾರೆ. ಅಷ್ಟೇ.

ಪುಸ್ತಕದ ಕೊನೆಯಲ್ಲಿ ಒಂದು ಅನುಬಂಧವಿದೆ. ಅದರಲ್ಲಿ ಕ್ರಿಸ್ಟೋಫರ್ ತನ್ನ ಪರೀಕ್ಷೆಯ ಒಂದು ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸುತ್ತಾನೆ. ಒಂದಕ್ಕಿಂತ ದೊಡ್ಡದಾದ ಯಾವುದಾದರೂ ಸಂಖ್ಯೆ ತೆಗೆದುಕೊಳ್ಳಿ. ಅದರ ವರ್ಗಕ್ಕೆ ಒಂದು ಕೂಡಿಸಿ, ವರ್ಗದಿಂದ ಒಂದು ಕಳೆಯಿರಿ, ಸಂಖ್ಯೆಯನ್ನು ಎರಡರಷ್ಟು ಮಾಡಿ. ಈ ಮೂರೂ ಸೇರಿದರೆ ಲಂಬಕೋನ ತ್ರಿಭುಜ. ಎರಡಕ್ಕೆ 5, 3, 4. ನಾಲ್ಕಕ್ಕೆ 17, 15, 8. ಹಾಗಾದರೆ ಎಲ್ಲಾ ಲಂಬಕೋನ ತ್ರಿಭುಜಗಳೂ ಹೀಗೇ ಬರುತ್ತವಾ? 5, 12, 13 ಇಟ್ಟು ನೋಡಿ. ಅತಿ ದೊಡ್ಡ ಬಾಹು 13 ಆಗಬೇಕಾದರೆ ವರ್ಗ 12 ಇರಬೇಕು. ಆಗ ಇನ್ನೊಂದು ಬಾಹು 11 ಬರಬೇಕು. ಇಲ್ಲಿ 11 ಇಲ್ಲವೇ ಇಲ್ಲ. ಹೇಳಿಕೆಯನ್ನು ತಿರುಗಿಸಿದರೆ ನಿಜವಾಗಬೇಕೆಂದಿಲ್ಲ ಅನ್ನುವ ಪಾಠ ಇಷ್ಟರಲ್ಲೇ ಮುಗಿಯುತ್ತದೆ.

ನನಗೆ ಈ ಪುಸ್ತಕದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ. ಮನೆಯಲ್ಲಿ ಎಲ್ಲವೂ ಕುಸಿಯುತ್ತಿರುವಾಗ ಆ ಹುಡುಗ ಲೆಕ್ಕದ ಕಡೆ ಹೋಗುತ್ತಾನೆ. ಗಣಿತ ಒಬ್ಬರಿಗೆ ನೆಮ್ಮದಿಯ ಜಾಗವಾಗಬಹುದು ಅನ್ನುವುದನ್ನು ಗಣಿತದ ಯಾವ ಪಠ್ಯವೂ ಹೇಳುವುದಿಲ್ಲ.

ಚಂದ್ರ ಹತ್ತಿರ ಬಂದರೆ

ಕಥೆಯಲ್ಲಿ ವಿಜ್ಞಾನ ತಪ್ಪಿದ್ದರೆ? ಒಳ್ಳೆಯದೇ ಆಯಿತು ಎನ್ನುತ್ತೇನೆ.

ಸೂಸನ್ ಬೆತ್ ಫೆಫರ್ 2006ರಲ್ಲಿ ಬರೆದ ‘ಲೈಫ್ ಆ್ಯಸ್ ವಿ ನ್ಯೂ ಇಟ್’ ಕಾದಂಬರಿ ಹದಿನಾರರ ಹುಡುಗಿ ಮಿರಾಂಡಾಳ ದಿನಚರಿ. ಒಂದು ಕ್ಷುದ್ರಗ್ರಹ ಚಂದ್ರನಿಗೆ ಬಡಿಯುತ್ತದೆ. ಜನ ಮನೆಯ ಹೊರಗೆ ಕುರ್ಚಿ ಹಾಕಿಕೊಂಡು ನೋಡುತ್ತಿರುತ್ತಾರೆ. ಚಂದ್ರ ಭೂಮಿಗೆ ಹತ್ತಿರ ಸರಿಯುತ್ತಾನೆ. ಸಮುದ್ರ ಊರುಗಳನ್ನು ನುಂಗುತ್ತದೆ, ಜ್ವಾಲಾಮುಖಿಗಳು ಏಳುತ್ತವೆ, ಬೂದಿ ಸೂರ್ಯನನ್ನು ಮುಚ್ಚುತ್ತದೆ, ಬೇಸಿಗೆಯಲ್ಲೇ ಚಳಿ ಬರುತ್ತದೆ. ಊಟದ ಡಬ್ಬಿಗಳನ್ನು ಎಣಿಸುತ್ತಾ ಕೂರುವ ಒಂದು ಮನೆಯ ಕಥೆ.

ಭೌತಶಾಸ್ತ್ರದ ಟೀಚರ್ ಇಲ್ಲಿ ಎರಡು ಲೆಕ್ಕ ಮಾಡಿಸಬಹುದು. ಒಂದು ಸುಲಭದ್ದು. ಉಬ್ಬರವಿಳಿತದ ಸೆಳೆತ ದೂರದ ಘನಕ್ಕೆ ವಿಲೋಮವಾಗಿ ಬದಲಾಗುತ್ತದೆ. ಚಂದ್ರನ ಸರಾಸರಿ ದೂರ ಸುಮಾರು 3,84,400 ಕಿಲೋಮೀಟರ್. ಅದು ಅರ್ಧವಾದರೆ ಆ ಸೆಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟಲ್ಲ, ಎಂಟು ಪಟ್ಟು. ಸಮುದ್ರ ಯಾಕೆ ಊರಿಗೆ ನುಗ್ಗಿತು ಅನ್ನುವುದು ಈಗ ಗೊತ್ತಾಯಿತು.

ಎರಡನೆಯದು ಸ್ವಲ್ಪ ತುಂಟ ಲೆಕ್ಕ. ಇದು ನಿಜವಾಗಿ ಆಗಬಹುದಾ? ಚಂದ್ರನ ದ್ರವ್ಯರಾಶಿ ಸುಮಾರು 7.35 × 10²² ಕಿಲೋಗ್ರಾಂ. ಅವನು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ವೇಗದಲ್ಲಿ ನಮ್ಮನ್ನು ಸುತ್ತುತ್ತಾನೆ. ಆ ವೇಗವನ್ನು ಹತ್ತನೇ ಒಂದು ಪಾಲು, ಅಂದರೆ ಸೆಕೆಂಡಿಗೆ 100 ಮೀಟರ್ ಕಡಿಮೆ ಮಾಡಬೇಕು ಅಂದುಕೊಳ್ಳಿ. ಎದುರಿನಿಂದ ಬರುವ ಕ್ಷುದ್ರಗ್ರಹದ ವೇಗ ಸೆಕೆಂಡಿಗೆ 20 ಕಿಲೋಮೀಟರ್ ಇರಲಿ. ಸಂವೇಗ ಸಂರಕ್ಷಣೆಯ ನಿಯಮ ಹಾಕಿದರೆ ಕ್ಷುದ್ರಗ್ರಹದ ದ್ರವ್ಯರಾಶಿ ಚಂದ್ರನ 200ನೇ ಒಂದು ಭಾಗ ಇರಬೇಕು. ಸುಮಾರು 3.7 × 10²⁰ ಕಿಲೋಗ್ರಾಂ. ಇದು ವೆಸ್ಟಾಗಿಂತ ಜಾಸ್ತಿ. ವೆಸ್ಟಾ ಅಂದರೆ 500 ಕಿಲೋಮೀಟರಿಗೂ ಹೆಚ್ಚು ಅಗಲದ, ಸೌರವ್ಯೂಹದ ಅತಿ ದೊಡ್ಡ ಕ್ಷುದ್ರಗ್ರಹಗಳಲ್ಲೊಂದು. ಅಂಥದ್ದು ಬರುತ್ತಿದ್ದರೆ ಕುರ್ಚಿ ಹಾಕಿಕೊಂಡು ನೋಡುತ್ತಾ ಕೂರುತ್ತಿದ್ದರಾ? ಆ ಪೆಟ್ಟಿಗೆ ಚಂದ್ರ ಇಡಿಯಾಗಿ ಉಳಿಯುತ್ತಾನಾ?

ಈ ಲೆಕ್ಕ ಮಾಡಿದ ಮಕ್ಕಳ ಮುಖ ನೋಡಬೇಕು. ಅಚ್ಚಾದ ಪುಸ್ತಕವನ್ನು ತಮ್ಮ ಪೆನ್ಸಿಲ್‌ನಿಂದ ಪ್ರಶ್ನಿಸಿದ ಖುಷಿ ಅದು. ಮರುಕ್ಷಣವೇ ಒಬ್ಬರು ಲೇಖಕಿಯ ಪರ ನಿಲ್ಲುತ್ತಾರೆ: ಕಥೆ ಇರೋದು ಚಂದ್ರನ ಬಗ್ಗೆ ಅಲ್ಲ, ಹಸಿವಿನ ಬಗ್ಗೆ. ಎರಡೂ ಸರಿ. ಆ ವಾದವನ್ನು ಭಾಷಾ ಟೀಚರ್‌ಗೆ ಒಪ್ಪಿಸಿ. ಬೂದಿಯ ವಿಷಯವನ್ನು ಭೂಗೋಳದವರಿಗೆ ಕೊಡಿ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಸಿಡಿದ ಮೇಲೆ 1816ರಲ್ಲಿ ಯುರೋಪ್, ಉತ್ತರ ಅಮೆರಿಕದಲ್ಲಿ ಬೇಸಿಗೆಯೇ ಬರಲಿಲ್ಲ, ಬೆಳೆ ಹೋಯಿತು. ಕಾದಂಬರಿಯ ಆ ಭಾಗ ಕಲ್ಪನೆಯಾದರೂ ಅದಕ್ಕೆ ನೆಲವಿದೆ.

ಓದು ಬಾರದವರ ಪಾಡೇನು?

ಇದು ಸರಿಯಾದ ಪ್ರಶ್ನೆ. ಇನ್ನೂರು ಪುಟ ಅಂದರೆ ಹೆದರುವ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ಅವರಿಗೆ ನಾನು ವಿಲಿಯಂ ಕಾಮ್‌ಕ್ವಾಂಬಾನ ಕಥೆ ಹೇಳುತ್ತೇನೆ. ‘ದಿ ಬಾಯ್ ಹೂ ಹಾರ್ನೆಸ್ಡ್ ದಿ ವಿಂಡ್’ ಅವನ ಆತ್ಮಕಥೆ, 2009ರಲ್ಲಿ ಬಂತು. ಮಕ್ಕಳಿಗಾಗಿ ಚಿಕ್ಕದು ಮಾಡಿದ ಆವೃತ್ತಿಗಳೂ ಇವೆ. ಆಫ್ರಿಕಾದ ಮಲಾವಿಯಲ್ಲಿ 2001-02ರಲ್ಲಿ ಬರಗಾಲ ಬಂದಾಗ ಫೀಸು ಕಟ್ಟಲಾಗದೆ ಅವನು ಶಾಲೆ ಬಿಟ್ಟ. ಊರಿನ ಸಣ್ಣ ಲೈಬ್ರರಿಗೆ ಹೋಗಲು ಶುರು ಮಾಡಿದ. ಅಲ್ಲಿದ್ದ ಪುಸ್ತಕಗಳ ಇಂಗ್ಲಿಷ್ ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ. ಚಿತ್ರಗಳನ್ನು ನೋಡಿದ. ಅವುಗಳ ಜೊತೆಗಿದ್ದ ಪದಗಳನ್ನು ಒಂದೊಂದಾಗಿ ಬಿಡಿಸಿಕೊಂಡ. ಸೈಕಲ್ ಭಾಗಗಳು, ಟ್ರ್ಯಾಕ್ಟರ್ ಫ್ಯಾನು, ಕಾಯಿಸಿ ಚಪ್ಪಟೆ ಮಾಡಿದ ಪಿವಿಸಿ ಪೈಪು, ಸೈಕಲ್ ಡೈನಮೋ ಸೇರಿಸಿ ಗಾಳಿಯಂತ್ರ ಕಟ್ಟಿ ಬಲ್ಬು ಉರಿಸಿದ.

ವಿದ್ಯುತ್ಕಾಂತೀಯ ಪ್ರೇರಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ಓದು ಕಷ್ಟವಾದ ಮಗುವಿಗೆ ಇದು ಹೇಳುವ ಮಾತು ಬೇರೆ ಯಾರೂ ಹೇಳಲಾರರು. ಪೂರ್ತಿ ಓದಲು ಬಾರದಿದ್ದರೂ ಚಿತ್ರದಿಂದ, ಅದರ ಕೆಳಗಿನ ಒಂದು ಸಾಲಿನಿಂದ ಶುರು ಮಾಡಬಹುದು. ಟೀಚರ್ ಗಟ್ಟಿಯಾಗಿ ಓದಿ ಹೇಳಬಹುದು. ಚಿತ್ರಕಾದಂಬರಿ ಕೊಡಬಹುದು. ಕೇಳುವ ಪುಸ್ತಕ ಹಾಕಬಹುದು. ಇವೆಲ್ಲವೂ ಓದೇ.

ಸಮಯ ಎಲ್ಲಿದೆ?

ಪೋರ್ಷನ್ ಮುಗಿಸಬೇಕು ಅನ್ನುವ ಒತ್ತಡ ನಿಜ. ಅದನ್ನು ತಳ್ಳಿಹಾಕುವವರು ಕ್ಲಾಸಿನಲ್ಲಿ ನಿಂತವರಲ್ಲ. ಆದರೆ ಎಲ್ಲಾ ಪುಸ್ತಕವನ್ನೂ ಪೂರ್ತಿ ಓದಬೇಕಾಗಿಲ್ಲ. ಮಾಂಟಿ ಹಾಲ್ ಬರುವ ಅಧ್ಯಾಯ ಒಂದೇ ಪೀರಿಯಡ್‌ಗೆ ಸಾಕು. ವರ್ಷಕ್ಕೆ ಒಂದೇ ಒಂದು ಪುಸ್ತಕವನ್ನು ಪೂರ್ತಿ ಓದುವುದು, ಅದನ್ನು ಎರಡು ಮೂರು ವಿಷಯದವರು ಹಂಚಿಕೊಳ್ಳುವುದು ನನ್ನ ಪ್ರಕಾರ ಸರಿಯಾದ ಅಳತೆ. ಭಾಷಾ ಪೀರಿಯಡ್‌ನಲ್ಲಿ ಓದಿದರೆ ಉಳಿದವರು ತಲಾ ಎರಡು ಪೀರಿಯಡ್ ಕೊಟ್ಟರೆ ಆಯಿತು. ಇದಕ್ಕೆ ಬೇಕಾಗಿರುವುದು ಸ್ಟಾಫ್ ರೂಮಿನಲ್ಲಿ ಅರ್ಧ ಗಂಟೆಯ ಮಾತು. ಲೈಬ್ರರಿಯವರನ್ನೂ ಆ ಮಾತಿಗೆ ಕರೆಯಿರಿ. ಯಾವ ಮಗು ಯಾವ ಪುಸ್ತಕ ತೆಗೆದುಕೊಂಡು ಹೋಗುತ್ತದೆ ಅನ್ನುವುದು ಟೀಚರ್‌ಗಳಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಪುಸ್ತಕ ಆರಿಸುವಾಗ ಒಂದು ನಿಯಮ ಮುರಿಯಬೇಡಿ: ಕೊನೆಯ ಪುಟದವರೆಗೂ ನೀವೇ ಮೊದಲು ಓದಿ. ಹದಿಹರೆಯದವರ ಪುಸ್ತಕಗಳಲ್ಲಿ ಸಾವು, ಹಿಂಸೆ, ಬೈಗುಳ, ಮನೆ ಒಡೆಯುವುದು ಎಲ್ಲ ಬರುತ್ತವೆ. ಕ್ರಿಸ್ಟೋಫರನ ಕಥೆಯಲ್ಲೂ ಇವೆ. ಅದರಿಂದ ಪುಸ್ತಕ ಕೆಟ್ಟದ್ದಾಗುವುದಿಲ್ಲ. ಆದರೆ ಕ್ಲಾಸಿನಲ್ಲಿ ಯಾವ ಮಗುವಿನ ಮನೆಯಲ್ಲಿ ಏನು ನಡೆಯುತ್ತಿದೆಯೋ ಗೊತ್ತಿರುವುದಿಲ್ಲ. ಅಪ್ಪ ಅಮ್ಮಂದಿರಿಗೆ ಮುಂಚೆಯೇ ಹೇಳಿ. ಇನ್ನೊಂದು ಪುಸ್ತಕವನ್ನು ಕೈಯಲ್ಲಿಟ್ಟುಕೊಂಡಿರಿ.

ಆಯ್ಕೆಗೆ ಅಮೆರಿಕದ ಮಕ್ಕಳ ಸಾಹಿತ್ಯದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಹೇಳಿದ ಹೋಲಿಕೆ ಈಗಲೂ ಉಪಯೋಗಕ್ಕೆ ಬರುತ್ತದೆ. ಪುಸ್ತಕ ಕೆಲವು ಮಕ್ಕಳಿಗೆ ತಮ್ಮನ್ನೇ ತೋರಿಸುವ ಕನ್ನಡಿ, ಕೆಲವರಿಗೆ ಬೇರೆಯವರ ಬದುಕು ಕಾಣುವ ಕಿಟಕಿ, ಒಳಗೆ ಕಾಲಿಡಲು ಬಾಗಿಲು ಕೂಡ. ವಿಜ್ಞಾನದ ಪೀರಿಯಡ್‌ಗೆ ತರುವ ಪುಸ್ತಕದಲ್ಲಿ ಯಂತ್ರ ಕಟ್ಟುವವರೆಲ್ಲ ಒಂದೇ ಥರದ ಹುಡುಗರೇ ಆಗಿದ್ದರೆ ಉಳಿದ ಮಕ್ಕಳಿಗೆ ಅಲ್ಲಿ ಕಿಟಕಿ ಮಾತ್ರ ಸಿಗುತ್ತದೆ, ಕನ್ನಡಿ ಸಿಗುವುದಿಲ್ಲ.

ಇನ್ನು ಮಾರ್ಕ್ಸು. ‘ಹುಡುಗಿಯ ಅಜ್ಜನ ಹೆಸರೇನು?’ ಅನ್ನುವ ಪ್ರಶ್ನೆ ಕೇಳಬೇಡಿ. ಅದು ಪುಸ್ತಕವನ್ನು ಮತ್ತೆ ಗೈಡ್ ಮಾಡುತ್ತದೆ. ‘ಪೀಪಾಯಿ ಮುಚ್ಚಿದ್ದರೆ ಕಥೆಯಲ್ಲಿ ಏನೇನು ಬದಲಾಗುತ್ತಿತ್ತು? ಈಡಿಸ್ ಸೊಳ್ಳೆಯ ಜೀವನಚಕ್ರ ಬಳಸಿ ವಿವರಿಸಿ’ ಎಂದು ಕೇಳಿ. ಇದಕ್ಕೆ ಉತ್ತರ ಬರೆಯಬೇಕಾದರೆ ಕಥೆಯೂ ಗೊತ್ತಿರಬೇಕು, ಪಾಠವೂ ಗೊತ್ತಿರಬೇಕು. ಬಾಯಿಪಾಠದಿಂದ ಆಗುವುದಿಲ್ಲ.

ಶುರು ಮಾಡಲು ದೊಡ್ಡ ಯೋಜನೆ ಬೇಡ. ಹೊಸ ಪಾಠ ಶುರುವಾಗುವ ಹಿಂದಿನ ದಿನ, ಪೀರಿಯಡ್‌ನ ಕೊನೆಯ ಹತ್ತು ನಿಮಿಷ, ಪುಸ್ತಕದ ಮೊದಲ ಅಧ್ಯಾಯ ಗಟ್ಟಿಯಾಗಿ ಓದಿ. ಯಾಕೆ ಓದುತ್ತಿದ್ದೀರಿ ಎಂದು ಹೇಳಬೇಡಿ. ಬೆಲ್ ಆದಾಗ ಎಲ್ಲಿದ್ದೀರೋ ಅಲ್ಲೇ ನಿಲ್ಲಿಸಿ. ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ, ಮೇಜಿನ ಮೇಲೆ ಬಿಟ್ಟು ಹೋಗಿ.